ಬೆನ್ನು ಹತ್ತಿದ ವೈಕುಂಠ ಸಮಾರಾಧನೆ

ಅಡುಗೆ ಮಾಡಿ ಹೊಟ್ಟೆ ಹೊರೆಯುವವರಿಗೆ ಬೈಸಿಕೊಳ್ಳುವುದು ಹೊಸದಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಬೈಯುತ್ತಾರೆ, ಹೋಳಿಗೆ ತಣ್ಣಗಾದರೆ ಬೈಯುತ್ತಾರೆ, ಬಾಳೆಎಲೆಯ ತುದಿ ಯಾವ ಕಡೆ ಬಂತೆಂದು ಬೈಯುತ್ತಾರೆ. ಅವೆಲ್ಲ ನಾವು ಮಾಡಿದ ತಪ್ಪು, ತಲೆ ತಗ್ಗಿಸಿ ಕೇಳಿಕೊಳ್ಳುತ್ತೇನೆ. ಈಚೆಗೆ ನಾನು ಬೈಸಿಕೊಳ್ಳುತ್ತಿರುವುದು ನಮ್ಮ ಜಾಹೀರಾತು ಮಾಡಿದ ತಪ್ಪಿಗೆ. ನಾನು ಚೆಂಬೂರಿನ ಮನೆಯಲ್ಲಿ ಬೆಳ್ಳುಳ್ಳಿಯಿಲ್ಲದ ಚಟ್ನಿಪುಡಿ ಕುಟ್ಟುತ್ತ ಕೂತಿರುತ್ತೇನೆ, ಅದು ಕಂಡವರ ಫೋನಿನೊಳಗೆ ಹೊಕ್ಕು ಏನಾದರೊಂದು ಮಾಡಿ ಬಂದಿರುತ್ತದೆ. ಒಂದು ವಾರ ಇಂಥದ್ದೇನೂ ಆಗದಿದ್ದರೆ ನನಗೇ ಅನುಮಾನ ಬರುತ್ತದೆ.

ಮೊದಲು ನಮ್ಮ ವ್ಯವಹಾರ ಹೇಳಿಬಿಡುತ್ತೇನೆ. ನಾವು ಧಾರವಾಡದ ಕಡೆಯವರು. ಒಲೆ ಯಜಮಾನರದು, ಫೋನು ನನ್ನದು. ನಮ್ಮ ಅಡುಗೆಯಲ್ಲಿ ಎರಡು ಥರ. ಮದುವೆ, ಮುಂಜಿ, ನಾಮಕರಣ ಒಂದು ಥರ. ತಿಥಿ, ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಇನ್ನೊಂದು ಥರ. ನಮ್ಮ ಮಂದಿಗೆ ಎರಡೂ ಬೇಕು. ಆದರೆ ತಿಥಿಗೆ ಬಂದ ಅಡುಗೆಯವರು ಮದುವೆ ಮನೆಯ ಹೊಸ್ತಿಲು ತುಳಿಯಬಾರದು. ಅದಕ್ಕಾಗಿ ನಾವು ಎರಡು ಹೆಸರು, ಎರಡು ಜೊತೆ ಪಾತ್ರೆ, ಎರಡು ಫೋನು ಇಟ್ಟುಕೊಂಡಿದ್ದೇವೆ. ಕೆಂಪು ಕವರಿನ ಫೋನು ಮದುವೆಗೆ, ಕರಿ ಕವರಿನದು ಇನ್ನೊಂದಕ್ಕೆ. ಎರಡರಲ್ಲೂ ಮಾತಾಡುವವಳು ನಾನೇ. ಕೆಂಪು ಫೋನಿನಲ್ಲಿ ನಗುತ್ತೇನೆ, ಕರಿ ಫೋನಿನಲ್ಲಿ ದನಿ ಇಳಿಸುತ್ತೇನೆ.

ಈ ವರ್ಷ ನಮ್ಮ ಕಣ್ಣೆಲ್ಲ ಒಂದು ಮದುವೆಯ ಮೇಲಿತ್ತು. ಎದುರು ಕಾಲನಿಯಲ್ಲಿ ಒಬ್ಬ ಕಾಕಾ ಇದ್ದಾರೆ. ರಿಫೈನರಿಯಲ್ಲಿ ದುಡಿದು ನಿವೃತ್ತರಾದವರು. ಕನ್ನಡದವರ ಮನೆಯಲ್ಲಿ ಯಾವ ಕಾರ್ಯವಾದರೂ ಮೊದಲ ಪಂಕ್ತಿಯಲ್ಲಿ ಅವರಿರಬೇಕು. ಅವರ ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು. "ಅಡಗಿ ನಿಮ್ಮದ, ತಂಗಿ. ತಾರೀಖು ಗೊತ್ತಾಗಲಿ, ಹೇಳ್ತೀನಿ," ಎಂದಿದ್ದರು. ಮುಂಬೈಯಲ್ಲಿರುವ ನಮ್ಮ ಕಡೆಯ ಮಂದಿಯೆಲ್ಲ ಅಲ್ಲಿಗೆ ಬರುತ್ತಾರೆ. ಅವರಿಗೆ ಬಡಿಸಿದರೆ ಮುಂದಿನ ಮದುವೆಗಳು ತಾವಾಗಿಯೇ ಬರುತ್ತವೆ, ಅದು ಕೈತಪ್ಪಿದರೆ ನಮಗೆ ಕರಿ ಫೋನೇ ಗತಿ. ಇಷ್ಟು ತಿಳಿದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುತ್ತದೆ.

ಐದು ಮಂದಿಗೆ ವೈಕುಂಠ

ಜಾಹೀರಾತು ಹಾಕಿಸಿದ್ದು ಜೋಗೇಶ್ವರಿಯಲ್ಲಿ ಆಫೀಸಿಟ್ಟುಕೊಂಡಿರುವ ಒಬ್ಬ ಮಹಾಶಯರ ಕಡೆಯಿಂದ. ಅಪ್ಪ ಅಮ್ಮ ಉಡುಪಿ ಕಡೆಯವರು, ಇವರು ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡವನ್ನು ತಡವರಿಸುತ್ತ ಆಡುತ್ತಾರೆ, ಸುಳ್ಳನ್ನು ಸರಾಗವಾಗಿ.

"ಆಂಟಿ, ಸಿಂಪಲ್. ನೀವು ಶಬ್ದ ಕೊಡಿ. ಯಾರಾದ್ರೂ ಆ ಶಬ್ದ ಟೈಪ್ ಮಾಡಿದ್ರೆ ನಿಮ್ಮ ಆ್ಯಡ್ ಕಾಣ್ತದೆ. ಅದನ್ನು ಒತ್ತಿದ್ರೆ ಮಾತ್ರ ನಿಮ್ಮ ಪೈಸಾ ಕಟ್."

ಇದು ನನಗೆ ಒಪ್ಪಿಗೆಯಾಯಿತು. ಕೇಳಿದವರಿಗೆ ಬಡಿಸುವುದು ನಮ್ಮ ಕಸುಬೇ. ಕರಿ ಫೋನಿನ ಪಾಲಿಗೆ ನಾನು ಕೊಟ್ಟ ಶಬ್ದ 'ವೈಕುಂಠ'.

ಧನುರ್ಮಾಸ ಬಂತು. ಒಂದು ಬೆಳಿಗ್ಗೆ ಕರಿ ಫೋನು ಹೊಡೆದುಕೊಂಡಿತು. ನಮ್ಮ ಕಡೆಯವರೇ.

"ವೈಕುಂಠ ಬುಕಿಂಗ್ ಮಾಡೋದಿತ್ರಿ."

ನಾನು ದನಿ ಇಳಿಸಿದೆ. "ಎಷ್ಟು ಮಂದಿ ರೀ?" ಊಟಕ್ಕೆ ಎಷ್ಟು ಎಲೆ ಎನ್ನುವುದು ನನ್ನ ಮೊದಲ ಪ್ರಶ್ನೆ.

"ಐದು ಮಂದಿ. ನಾ, ನನ್ನ ಹೆಂಡತಿ, ಎರಡು ಹುಡುಗ್ರು, ನಮ್ಮವ್ವ."

ಬರೆದುಕೊಳ್ಳುತ್ತಿದ್ದ ಪೆನ್ನು ಕೆಳಗಿಟ್ಟೆ. "ನೀವೂ ಅದರಾಗ ಬಂದ್ರೇನು?"

"ನಾನ ಗಾಡಿ ಹೊಡಿಯಾವ್ರೀ. ಎಲ್ಲಾರೂ ಕೂಡೇ ಹೋಗಾವ್ರು. ಸಣ್ಣಾವಂಗ ಅರ್ಧಾ ಟಿಕೀಟ್ ನಡೀತದೇನು?"

ಅವರಿಗೆ ಬೇಕಾಗಿದ್ದದ್ದು ವೈಕುಂಠ ಏಕಾದಶಿಯ ದಿನ ದೇವಸ್ಥಾನದಲ್ಲಿ ಬಾಗಿಲು ತೆಗೆಯುವಾಗಿನ ದರ್ಶನದ ಪಾಸು. ನಾವು ಯಾವ ವೈಕುಂಠದವರೆಂದು ತಿಳಿಸಿ ಹೇಳಿದೆ. ಅವರು ಫೋನು ಇಡಲು ಹೊರಟರು. ಹಿಂದಿನಿಂದ ಅವರ ತಾಯಿಯ ದನಿ ಕೇಳಿಸಿತು: "ಇಡಬ್ಯಾಡ, ನಂಬರ್ ಬರಕೋ. ಬೇಕಾಗ್ತದ."

ಢೋಕಳಾ ತಿಂದ ಪಾಪ

ಆದರೂ ಆ ಕಾಲವೇ ಚೆನ್ನಾಗಿತ್ತು ಎನ್ನುತ್ತೇನೆ. ತಪ್ಪೋ ಸರಿಯೋ, ಬಂದವರು ಕೇಳಿಕೊಂಡು ಬಂದವರು. ಕ್ರಮೇಣ ಕೇಳಿದವರಿಗೂ ನಾವು ಕಾಣದಂತಾಯಿತು.

ಕಾಂದಿವಲಿಯಲ್ಲಿ ನನ್ನ ಅಕ್ಕ ಇದ್ದಾಳೆ. ಪರೀಕ್ಷೆ ಮಾಡಲೆಂದು ಅವಳಿಗೆ ಹೇಳಿ, ನಾವು ಕೊಟ್ಟಿದ್ದ ಶಬ್ದಗಳನ್ನೇ ಅಕ್ಷರಕ್ಕೆ ಅಕ್ಷರ ಟೈಪ್ ಮಾಡಿಸಿದೆ: ಧಾರವಾಡ ಶೈಲಿ ಮದುವೆ ಊಟ.

"ಏನ್ ಬಂತು?"

"ಗುಜರಾತಿ ಮಂದೀದು ಬಂತು. ಢೋಕಳಾ, ಖಾಂಡ್ವಿ, ಉಂಧಿಯೂ. ಲಗ್ನಕ್ಕ ಮಾಡಿ ಕೊಡ್ತಾರಂತ. ಚೊಲೋ ಕಾಣ್ತಾವ ನೋಡು."

"ಜೋಳದ ರೊಟ್ಟಿ ಅಂತ ಹೊಡಿ."

ಹೊಡೆದಳು. ಥೇಪ್ಲಾ ಬಂತು.

ಜೋಗೇಶ್ವರಿಗೆ ಫೋನು ಮಾಡಿ ಕೂಗಾಡಿದೆ. ಮಹಾಶಯರು ಸಮಾಧಾನದಿಂದ ಹೇಳಿದರು: "ಆಂಟಿ, ಒಂದೇ ಶಬ್ದ ಆದ್ರೂ ಎಲ್ಲರಿಗೂ ಒಂದೇ ಆ್ಯಡ್ ಬರುದಿಲ್ಲ ಈಗ. ನಿಮ್ಮ ಅಕ್ಕ ಹರ್ ಹಫ್ತಾ ಢೋಕಳಾ ಆರ್ಡರ್ ಮಾಡ್ತಾರೆ. ಅದು ನೋಡಿ ದೊಡ್ಡ ಕೇಟರರ್ ಅವರ ಮೇಲೆ ಜಾಸ್ತಿ ಪೈಸಾ ಹಾಕ್ತಾರೆ. ನಿಮ್ಮದು ಕೆಳಗೆ ಹೋಗ್ತದೆ. ಈಗ ಶಬ್ದ ಒಂದೇ ಸಾಲುದಿಲ್ಲ, ಬಿಹೇವಿಯರ್ ನೋಡುದು."

"ಯಾರ ಬಿಹೇವಿಯರ್?"

"ಕಸ್ಟಮರ್‌ದು. ಏನು ನೋಡಿದ್ರು, ಎಲ್ಲಿ ನಿಂತ್ರು, ಅರ್ಧಕ್ಕೆ ಏನು ಬಿಟ್ಟು ಹೋದ್ರು. ನಮಗೂ ಅದೇ ಮಾಡುವ. ಒಮ್ಮೆ ನಿಮ್ಮ ಪೇಜ್ ನೋಡಿದವರನ್ನು ಸಿಸ್ಟಮ್ ಬಿಡುದಿಲ್ಲ. ಹಿಂದೆನೇ ಹೋಗ್ತದೆ."

ಕೇಳಿದವರಿಗೆ ಕೊಡುವುದಿಲ್ಲ, ನೋಡಿ ಹೋದವರ ಸೆರಗು ಹಿಡಿದು ಎಳೆಯುತ್ತದೆ. ನಮ್ಮ ಪಂಕ್ತಿಯಲ್ಲಿ ಯಾರಾದರೂ ಹೀಗೆ ಬಡಿಸಿದರೆ ಸೌಟು ಕಸಿದುಕೊಂಡು ಮನೆಗೆ ಕಳಿಸುತ್ತೇವೆ. ಆದರೆ ಕೆಂಪು ಫೋನು ಎಷ್ಟೋ ದಿನದಿಂದ ಬಾಯಿ ಬಿಟ್ಟಿರಲಿಲ್ಲ, ಬೇರೆ ದಾರಿ ಕಾಣದೆ ಹೂಂ ಎಂದೆ. ಅಕ್ಕನಿಗೂ ವಿಷಯ ತಿಳಿಸಿ, ನಿನ್ನ ಢೋಕಳಾದಿಂದ ನಮ್ಮ ಹೊಟ್ಟೆಯ ಮೇಲೆ ಕಲ್ಲು ಬಿತ್ತೆಂದು ಬೈದೆ.

"ಬೈಬ್ಯಾಡ," ಎಂದಳು ಅಕ್ಕ. "ವಾರಕ್ಕೊಮ್ಮೆ ನೀ ಬಂದಾಗ ತರಸೋದು ಅದು. ನೀನ ತಿನ್ನೋದು."

ಬೆಳಗಾವಿ ಕಡೆಯ ಹೆಣ್ಣು

ನಮ್ಮ ಯಜಮಾನರಿಗೆ ಒಂದು ಅಭ್ಯಾಸ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ ಮುಗಿಸಿ, ಹಣೆಯ ಗಂಧ ಆರುವ ಮೊದಲೇ ಫೋನಿನಲ್ಲಿ ನಮ್ಮ ವೈಕುಂಠ ಸಮಾರಾಧನೆಯ ಜಾಹೀರಾತು ಹುಡುಕಿ ಒಂದು ಸಲ ಒತ್ತುತ್ತಿದ್ದರು.

"ನೀವು ಒತ್ತಿದ್ರೂ ನಮ್ಮ ರೊಕ್ಕನ ಹೋಗ್ತದ ರೀ," ಎಂದರೆ, "ಅಂಗಡಿ ತಗದದೋ ಇಲ್ಲೋ ನೋಡಬ್ಯಾಡೇನು?" ಎನ್ನುವರು.

ಮನುಷ್ಯರ ನಡತೆ ನೋಡುವ ಆ ಯಂತ್ರ ಇವರ ನಡತೆಯನ್ನೂ ನೋಡಿತು. ಈ ಗಂಡಸು ದಿನಾ ಬೆಳಿಗ್ಗೆ ಹದಿಮೂರನೆಯ ದಿನದ ಊಟ ವಿಚಾರಿಸುತ್ತಾನೆ, ಪಾಪ, ಮನೆಯಲ್ಲಿ ಏನೋ ಆಗಿದೆ ಎಂದುಕೊಂಡಿತು. ಮೊದಲು ನಾಸಿಕಕ್ಕೆ ಅಸ್ಥಿ ಬಿಡಲು ಹೋಗುವ ಟ್ಯಾಕ್ಸಿಯ ಜಾಹೀರಾತು ತೋರಿಸಿತು. ಆಮೇಲೆ ಒಬ್ಬರಿಗೆ ಸಾಕಾಗುವ ಸಣ್ಣ ಕುಕ್ಕರಿನದು. ಒಂದು ಮಧ್ಯಾಹ್ನ ಅವರ ಫೋನು ಚಾರ್ಜಿಗಿಟ್ಟಿತ್ತು. ಹಾದುಹೋಗುವಾಗ ನೋಡುತ್ತೇನೆ, ಹಸಿರು ಸೀರೆಯ ಹೆಣ್ಣೊಬ್ಬಳು ನಗುತ್ತಿದ್ದಾಳೆ. ಕೆಳಗೆ, "ಒಂಟಿತನ ಸಾಕು. ಎರಡನೆಯ ಮದುವೆಗೆ ಸಂಸ್ಕಾರವಂತ ವಧುಗಳು."

"ಯಾರ ರೀ ಇಕಿ?"

"ನಂಗೇನ ಗೊತ್ತು? ತಾವ ಬರ್ತಾರ. ನಿನ್ನೆ ಬ್ಯಾರೆದಾಕಿ ಇದ್ಲು. ಇಕಿ ಬೆಳಗಾವಿ ಕಡಿಯಾಕಿ."

"ಬೆಳಗಾವಿ ಕಡಿಯಾಕಿ ಅಂತ ಹೆಂಗ ಗೊತ್ತಾತು?"

ಯಜಮಾನರು ಒಲೆಯ ಮೇಲೆ ಏನೋ ಇದೆಯೆಂದು ಎದ್ದು ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.

ಜೋಗೇಶ್ವರಿಗೆ ಫೋನು ಮಾಡಿದೆ. "ಆಂಟಿ, ಅದು ಗುಡ್ ನ್ಯೂಸ್," ಎಂದರು ಮಹಾಶಯರು. "ಸಿಸ್ಟಮ್ ಕಲೀತಾ ಇದೆ."

"ಏನು ಕಲೀತು? ನಾ ಸತ್ತೀನಂತ ಕಲೀತು. ನಾ ಹನ್ನೆರಡು ತಾಸು ನಿಂತು ಇವರ ಮನಿ ನಡಸ್ತೀನಿ, ನಿಮ್ಮ ಸಿಸ್ಟಮಿಗೆ ಅದೊಂದು ಕಾಣಲಿಲ್ಲ?"

ಅಂದಿನಿಂದ ಯಜಮಾನರು ಒತ್ತುವುದನ್ನು ಬಿಟ್ಟಿದ್ದಾರೆ. ನಮ್ಮ ಜಾಹೀರಾತನ್ನು ಒತ್ತುವುದನ್ನು. ಬೆಳಗಾವಿಯದರ ಬಗ್ಗೆ ನನಗಿನ್ನೂ ಖಾತ್ರಿಯಿಲ್ಲ.

ತೊಟ್ಟಿಲಿನಿಂದ

ಇಷ್ಟರಲ್ಲಿ ಮಹಾಶಯರು ನನಗೆ ಹೇಳದೆ ಒಂದು ಉಪಕಾರ ಮಾಡಿದ್ದರು. ಎರಡು ಹೆಸರಿಗೆ ಬೇರೆ ಬೇರೆ ಖರ್ಚು ಯಾಕೆಂದು ಕೆಂಪು ಫೋನಿನ ಜಾಹೀರಾತನ್ನೂ ಕರಿ ಫೋನಿನದನ್ನೂ ಒಂದರಲ್ಲೇ ಕೂಡಿಸಿಬಿಟ್ಟಿದ್ದರು. ಯಾರಿಗೆ ಯಾವುದು ತೋರಿಸಬೇಕೆಂದು ಯಂತ್ರವೇ ಆರಿಸುತ್ತದಂತೆ. ಸಾಲುಗಳನ್ನೂ ಅದೇ ಜೋಡಿಸುತ್ತದಂತೆ.

ಕೆಂಪು ಫೋನಿಗೆ ಒಂದು ನಾಮಕರಣದ ಮಾತು ಬಂದಿತ್ತು. ಬಾಣಂತಿಯ ತಾಯಿ ನಮ್ಮ ಪೇಜು ನೋಡಿ, ಊಟ ಗೊತ್ತುಮಾಡಿ, ಚಿರೋಟಿಯೋ ಹೋಳಿಗೆಯೋ ಎಂದು ಎರಡು ದಿನ ನನ್ನ ತಲೆ ತಿಂದು, ಚಿರೋಟಿ ಎಂದು ತೀರ್ಮಾನಿಸಿದ್ದರು. ಮೂರನೆಯ ದಿನ ಮತ್ತೆ ಫೋನು. ನಾನು ನಗುತ್ತಲೇ ಎತ್ತಿದೆ.

"ಅಲ್ರೀ, ನಿಮಗ ಮನಸ್ಸರ ಅದನೋ ಇಲ್ಲೋ? ಕೂಸು ಇನ್ನಾ ಕಣ್ಣು ಬಿಟ್ಟಿಲ್ಲ."

ಅವರ ಫೋನಿನಲ್ಲಿ ಹಾಡು ಹಾಕಿ ಕೂಸನ್ನು ತೂಗುವಾಗ ನಡುವೆ ನಮ್ಮ ಜಾಹೀರಾತು ಬಂದಿತ್ತು. ಅವರೇ ಓದಿ ಹೇಳಿದರು: "ನಾಮಕರಣ ಆಯಿತೇ? ವೈಕುಂಠ ಸಮಾರಾಧನೆಗೂ ನಾವೇ. ಈಗಲೇ ಕಾದಿರಿಸಿ."

ಚಿರೋಟಿ ಹೋಯಿತು. ಹೋಗಲಿ ಎನ್ನಬಹುದು, ಆದರೆ ಅವರು ಸುಮ್ಮನಿರುವವರಲ್ಲ. ಸಂಜೆಯ ಭಜನಾ ಮಂಡಳಿಯಲ್ಲಿ ಎಲ್ಲರಿಗೂ ಅದನ್ನು ತೋರಿಸಿದರು. ಮದುವೆ ಮನೆಯ ಅಡುಗೆಯವರೂ ತಿಥಿ ಮನೆಯ ಅಡುಗೆಯವರೂ ಒಬ್ಬರೇ ಎಂಬ ಮಾತು ಕಾಕಾನ ಕಾಲನಿಗೆ ತಲುಪಲು ಎಷ್ಟು ಹೊತ್ತು? ನನಗೆ ಅನ್ನ ಸೇರಲಿಲ್ಲ. ಇಷ್ಟು ವರ್ಷ ನಾವು ಬಾಯಿ ಮುಚ್ಚಿಕೊಂಡು ಕಾಪಾಡಿದ್ದನ್ನು ಅಡುಗೆಮನೆಯ ಮುಖವನ್ನೇ ನೋಡದ ಒಬ್ಬ ಮನುಷ್ಯ ಜೋಗೇಶ್ವರಿಯಲ್ಲಿ ಕೂತು ಹಾಳು ಮಾಡಿದ್ದ.

"ಬೇರೆ ಮಾಡಿಕೊಡ್ತೇನೆ ಆಂಟಿ, ಈ ಹಫ್ತಾ ಆಗ್ತದೆ," ಎಂದರು ಮಹಾಶಯರು. "ಆದ್ರೆ ಒಂದು ಹೇಳ್ತೇನೆ, ಆ ಆ್ಯಡ್‌ಗೆ ರೆಸ್ಪಾನ್ಸ್ ತುಂಬಾ ಚಲೋ ಇತ್ತು. ಒಬ್ಬರೇ ಹದಿನೆಂಟು ಸಲ ನೋಡಿದ್ದಾರೆ."

ಭಜನಾ ಮಂಡಳಿಗೆ ಅಂದು ಹದಿನೆಂಟು ಹೆಂಗಸರು ಬಂದಿದ್ದರು.

ತಾರೀಖು ತಿಳಿಸಿ

ಆ ವಾರವೇ ಕಾಕಾನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಐಸಿಯುನಲ್ಲಿಟ್ಟರು. ಡಾಕ್ಟರು ಮಗನನ್ನು ಬದಿಗೆ ಕರೆದು, ಬೇಕಾದವರಿಗೆಲ್ಲ ತಿಳಿಸಿಬಿಡಿ ಎಂದರಂತೆ. ಕಾಲನಿಯಲ್ಲೆಲ್ಲ ಪಿಸುಮಾತು.

ಅದೇ ಹೊತ್ತಿಗೆ ಕರಿ ಫೋನಿಗೆ ನಮ್ಮ ಪೇಜಿನಿಂದ ಒಂದು ವಿಚಿತ್ರ ಬುಕಿಂಗು ಬಂತು. ವೈಕುಂಠ ಸಮಾರಾಧನೆ, ಇನ್ನೂರು ಎಲೆ. ಟೋಕನ್ ಎಂದು ಮುಂಗಡವನ್ನೂ ಕಟ್ಟಿದ್ದರು. ಹೆಸರಿರಲಿಲ್ಲ, ತಾರೀಖಿನ ಜಾಗ ಖಾಲಿ. ಯಾರೋ ಬಹಳ ಮುಂದಾಲೋಚನೆಯವರು ಎಂದುಕೊಂಡು ಸುಮ್ಮನಾದೆ.

ಕಾಕಾ ಹೋಗಲಿಲ್ಲ. ಕಣ್ಣು ಬಿಟ್ಟು ಉಪ್ಪಿಟ್ಟು ಕೇಳಿದರು, ತಿಂದರು, ಒಗ್ಗರಣೆ ಸರಿಯಾಗಿಲ್ಲ ಎಂದರು. ಮನೆಗೆ ಕರೆತಂದರು.

ನಾಲ್ಕು ದಿನ ಬಿಟ್ಟು ಬೆಳಿಗ್ಗೆ ಕರಿ ಫೋನು ಹೊಡೆದುಕೊಂಡಿತು. ಕಾಕಾನ ನಂಬರು ನನ್ನ ಕೆಂಪು ಫೋನಿನಲ್ಲಿ ಹೆಸರು ಹಾಕಿಟ್ಟಿದೆ, ಕರಿಯದರಲ್ಲಿ ಇಲ್ಲ. ಆಸ್ಪತ್ರೆಯಿಂದ ಬಂದವರ ದನಿ ಬಿದ್ದುಹೋಗಿತ್ತು, ಗುರುತು ಸಿಗಲಿಲ್ಲ.

"ವೈಕುಂಠ ಸಮಾರಾಧನಿ ಮಾಡವ್ರು ನೀವೇನು?"

"ಹೌದ್ರಿ. ಯಾರು ತೀರಿಕೊಂಡ್ರು ರೀ?"

"ನಾನ."

ಅಭ್ಯಾಸಬಲ ನೋಡಿ, ನನ್ನ ಬಾಯಿಂದ, "ಯಾವಾಗ ರೀ?" ಎಂದು ಬಂದುಬಿಟ್ಟಿತು.

"ನೀವೂ ಅದನ್ನ ಕೇಳ್ತೀರಲ್ಲ. ಮುಂಜಾನಿಂದ ಭಜನಿ ಹಚ್ಚಿದ್ರ ಅದ, ಸುದ್ದಿ ಹಚ್ಚಿದ್ರ ಅದ. 'ಇನ್ನೂರು ಎಲೆ ಸಿದ್ಧ. ನಿಮ್ಮ ಬುಕಿಂಗ್ ಅರ್ಧಕ್ಕೆ ನಿಂತಿದೆ. ತಾರೀಖು ತಿಳಿಸಿ.' ಏನಂತ ತಿಳಸಲಿ?"

ಆಗ ನನಗೆ ದನಿ ಗುರುತು ಸಿಕ್ಕಿತು.

"ನಂಗೂ ನಿನ್ನ ದನಿ ಗೊತ್ತದ," ಎಂದರು ಕಾಕಾ. "ಮನೀಗೆ ಬಾ."

ಯಜಮಾನರನ್ನು ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಜೋಗೇಶ್ವರಿಯ ವಂಶವನ್ನೇ ಬೈದೆ. ಮದುವೆಯಂತೂ ಹೋಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ.

ಕಾಕಾ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಮಗ ಪಕ್ಕದಲ್ಲಿ. ಸೊಸೆ ಅಡುಗೆಮನೆಯಲ್ಲಿ ಚಹಾ ಇಟ್ಟಿದ್ದಳು. ನನ್ನನ್ನು ನೋಡಿದವಳೇ ಬಾಗಿಲ ಹಿಂದೆ ಸರಿದಳು. ಇನ್ನೂರು ಎಲೆ ಯಾರದೆಂದು ನನಗೆ ಆ ಕ್ಷಣ ಗೊತ್ತಾಯಿತು. ಮಾವ ಐಸಿಯು ಒಳಗಿದ್ದಾಗ ಅವರ ಫೋನು ಹಿಡಿದುಕೊಂಡು ಬಂಧುಗಳಿಗೆ ಉತ್ತರ ಹೇಳುತ್ತ ಹೊರಗೆ ಕೂತಿದ್ದವಳು ಅವಳೇ.

"ನಾ ಇಂಥಾದ್ದು ಹುಡುಕಿಲ್ಲ," ಎಂದರು ಕಾಕಾ. "ನನ್ನ ಫೋನಿಗೆ ಇದು ಹೆಂಗ ಬಂತು, ಹೇಳು. ಯಾರರ ನೋಡಿದ್ರನ ಬರ್ತದ ಅಂತಾನ ನನ್ನ ಮಗ."

ಮಗ ಅಡುಗೆಮನೆಯ ಕಡೆ ನೋಡಿದ. ನಿಜ ಹೇಳಿದರೆ ಆ ಹೆಣ್ಣುಮಗಳು ಈ ಮನೆಯಲ್ಲಿ ಮತ್ತೆ ತಲೆಯೆತ್ತುವ ಹಾಗಿರಲಿಲ್ಲ. ಅವಳು ಮಾಡಿದ್ದೇನು? ಡಾಕ್ಟರ ಮಾತು ಕೇಳಿ, ಗಂಡಸರೆಲ್ಲ ಅಳುತ್ತ ಕೂತಾಗ, ನಾಳೆ ಇನ್ನೂರು ಮಂದಿಗೆ ಎಲೆ ಹಾಕಬೇಕಾದವಳು ತಾನೇ ಎಂದು ಯೋಚಿಸಿದಳು. ಅಷ್ಟನ್ನೂ ಹಿಂಬಾಲಿಸಿ ಹೋಗಿ ಮಾವನ ಮುಂದೆ ಚಾಡಿ ಹೇಳುವ ಯಂತ್ರಕ್ಕೆ ಏನೆನ್ನಬೇಕು? ನನಗೆ ಮೈಯೆಲ್ಲ ಉರಿಯಿತು. ಹೇಗೂ ಹೋದ ಮದುವೆ, ಹೋಗಲಿ ಎಂದುಕೊಂಡೆ.

"ಯಾರೂ ನೋಡಬೇಕಾಗಿಲ್ಲ ಕಾಕಾ. ಎಪ್ಪತ್ತು ದಾಟಿದವ್ರಿಗೆಲ್ಲ ನಾವ ಕಳಸ್ತೀವಿ. ವಯಸ್ಸು ನೋಡಿ ಹೋಗ್ತದ ಅದು. ತಪ್ಪು ನಮ್ಮದ."

ಯಜಮಾನರು ನನ್ನನ್ನು ಕಣ್ಣು ಬಿಟ್ಟು ನೋಡಿದರು.

"ಹಂಗೇನು," ಎಂದರು ಕಾಕಾ. "ಹಂಗಾದ್ರ ಆ ಅರ್ಧಾ ಬುಕಿಂಗ್ ರದ್ದು ಮಾಡಿಬಿಡು."

ಅಡುಗೆಮನೆಯೊಳಗಿಂದ ಸೊಸೆಯ ದನಿ ಬಂತು: "ರದ್ದು ಮಾಡಿದ್ರ ಟೋಕನ್ ವಾಪಸ್ ಬರಂಗಿಲ್ಲ, ಮಾಮಾ."

ಚಹಾ ಉಕ್ಕಿ ಒಲೆಗೆ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು. ಮಗ ನೆಲ ನೋಡಿದ. ನಾನು ಯಜಮಾನರನ್ನು ನೋಡಿದೆ, ಅವರು ಸೂರು ನೋಡುತ್ತಿದ್ದರು. ಕಾಕಾನ ಹೆಗಲು ಅಲುಗತೊಡಗಿತು. ಮತ್ತೆ ಎದೆನೋವು ಬಂತೆಂದು ನಾನು ಎದ್ದೆ. ಅವರು ನಗುತ್ತಿದ್ದರು.

"ಕೂಡು ತಂಗಿ. ನಿಮ್ಮ ಎರಡೂ ಹೆಸರು ನಂಗ ಮೊದಲಿಂದ ಗೊತ್ತವ. ಎಷ್ಟು ಮದುವಿ ಉಂಡೀನಿ, ಎಷ್ಟು ತಿಥಿ ಉಂಡೀನಿ, ಹುಳಿ ಎರಡರಾಗೂ ಒಂದ." ಆಮೇಲೆ ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನಮ್ಮ ಸೊಸಿ ಟೋಕನ್ ಯಾಕ ಕಳೀಬೇಕು? ಅದನ್ನ ಮೊಮ್ಮಗಳ ಮದುವಿಗೆ ಹಿಡಕೋರಿ. ತಾರೀಖು ಒಂದ ಖಾಲಿ ಇತ್ತಲ್ಲ, ಬರಕೋ. ಅಕ್ಷಯ ತದಿಗಿ ಮರುದಿನ."